ಎರಡು ಬಾಗಿಲಿನ ಅಂಗಡಿಯ ಕೊಸರು

ನಮ್ಮ ಮನೆಯ ಕಪಾಟಿನಲ್ಲಿ ಹತ್ತು ಹಸಿರು ಟೋಪಿಗಳಿವೆ. ಮೊದಲು ಹನ್ನೊಂದಿದ್ದವು. ಒಂದನ್ನು ಜಪಾನಿನ ಕಸ್ಟಮ್ಸ್‌ನವರು ಸಾಕ್ಷ್ಯಕ್ಕೆಂದು ಇಟ್ಟುಕೊಂಡರು, ಅದಕ್ಕೆ ರಸೀದಿಯನ್ನೂ ಕೊಟ್ಟರು. ರಸೀದಿ ಇನ್ನೂ ನನ್ನ ಹತ್ತಿರ ಇದೆ. ಯಾವ ಕಾಗದವನ್ನೂ ಎಸೆಯಬೇಡಿ ಅನ್ನುವುದು ನಾನು ಎಲ್ಲರಿಗೂ ಹೇಳುವ ಮೊದಲ ಮಾತು. ಈ ಬರಹದಲ್ಲಿ ಅಂಥ ಮಾತು ಇನ್ನೂ ಕೆಲವು ಬರುತ್ತವೆ. ಬೇಕಾದವರು ತೆಗೆದುಕೊಳ್ಳಲಿ.

ನನ್ನದು ಟೋಕಿಯೊದ ಫುನಾಬೊರಿ ಸ್ಟೇಷನ್ನಿನಿಂದ ಆರು ನಿಮಿಷ ನಡೆದರೆ ಸಿಗುವ ಕಿರಾಣಿ ಅಂಗಡಿ. ಅಕ್ಕಿ, ಬೇಳೆ, ರವೆ, ಸಾಂಬಾರ್ ಪುಡಿ, ವಾರಕ್ಕೆರಡು ಸಲ ಕರಿಬೇವು. ಸುತ್ತಮುತ್ತ ಇರುವವರೆಲ್ಲ ಕಂಪ್ಯೂಟರ್ ಕೆಲಸದವರು, ಡಿಗ್ರಿಯವರು. ನಾನು ಮಾತ್ರ ಬೆಂಗಳೂರಿನ ದರ್ಶಿನಿಯೊಂದರಲ್ಲಿ ಕಲ್ಲಿನ ಮುಂದೆ ನಿಂತು ದೋಸೆ ಹುಯ್ಯುತ್ತಿದ್ದವನು. ಅಡುಗೆಯವನ ವೀಸಾದಲ್ಲಿ ಇಲ್ಲಿಗೆ ಬಂದೆ, ಯಾರದೋ ಹೋಟೆಲಿನಲ್ಲಿ ಏಳು ವರ್ಷ ದುಡಿದೆ, ಆಮೇಲೆ ಸ್ವಂತ ಅಂಗಡಿ ಹಾಕಿದೆ. ಚೌಕಾಸಿಯನ್ನು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ದರ್ಶಿನಿಗೆ ತರಕಾರಿ ತರಲು ದಿನಾ ಬೆಳಿಗ್ಗೆ ಕೆ.ಆರ್. ಮಾರ್ಕೆಟ್ಟಿಗೆ ಹೋಗುತ್ತಿದ್ದೆ, ಅಲ್ಲಿ ಬಂತು. ಬೆಲೆ ಇಳಿಸುವುದು ಚೌಕಾಸಿಯ ಅರ್ಧ ಭಾಗ ಮಾತ್ರ. ಬೆಲೆ ಕುದುರಿ, ತೂಕ ಮುಗಿದು, ಚೀಲದ ಬಾಯಿ ಕಟ್ಟುವ ಮೊದಲು ‘ಕೊಸರು ಹಾಕಮ್ಮ’ ಅನ್ನಬೇಕು. ಅವಳು ಗೊಣಗುತ್ತ ಒಂದು ಹಿಡಿ ಹಸಿಮೆಣಸಿನಕಾಯಿ ಮೇಲೆ ಹಾಕಬೇಕು. ಆಗಲೇ ವ್ಯಾಪಾರ ಪೂರ್ತಿಯಾಗುವುದು. ಕೊಸರು ಕೇಳದೆ ಎದ್ದು ಬಂದವನನ್ನು ಮಾರುವವಳೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಈ ಅಭ್ಯಾಸವನ್ನು ನಾನು ವಿಮಾನದಲ್ಲಿ ಜೊತೆಗೇ ತಂದೆ. ತರಬಾರದಿತ್ತು ಅಂತ ಈಗಲೂ ಅನ್ನಿಸುವುದಿಲ್ಲ. ಎಲ್ಲಿ ಬಾಯಿ ಬಿಡಬೇಕು, ಎಲ್ಲಿ ಬಿಡಬಾರದು ಅನ್ನುವುದು ಮಾತ್ರ ತಡವಾಗಿ ತಿಳಿಯಿತು.

ಅಂಗಡಿಯಲ್ಲಿ ನಾನು ಒಂದು ಎಣ್ಣೆಯನ್ನೂ ಇಟ್ಟಿದ್ದೆ. ಸಿಬಿಡಿ ಎಣ್ಣೆ ಅನ್ನುತ್ತಾರೆ. ಗಾಂಜಾ ಜಾತಿಯ ಗಿಡದಿಂದಲೇ ತೆಗೆಯುವುದು, ಆದರೆ ಅಮಲಿನ ಅಂಶವನ್ನು ಕಳೆದಿರುತ್ತಾರೆ. ನಿದ್ದೆ ಬರುತ್ತದೆ, ಕುತ್ತಿಗೆ ನೋವು ಕಡಿಮೆಯಾಗುತ್ತದೆ ಅಂತ ಜಪಾನಿನವರು ಕೊಳ್ಳುತ್ತಾರೆ. ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಮಲಗಿದರೆ ಹಾಗೆಯೇ ನಿದ್ದೆ ಬರುತ್ತದೆ. ಇಲ್ಲಿ ಅದನ್ನು ಮಾರಬಹುದು, ಅಮಲಿನ ಅಂಶ ಸರ್ಕಾರ ಹೇಳಿದ ಮಿತಿಯೊಳಗೆ ಇದ್ದರೆ ಮಾತ್ರ. ಆ ಮಿತಿ ಎಷ್ಟು ಸಣ್ಣದೆಂದರೆ ಇಲ್ಲ ಅಂದಷ್ಟೇ. ಗಾಂಜಾ ಇಟ್ಟುಕೊಳ್ಳುವುದು ಮೊದಲಿನಿಂದಲೂ ಅಪರಾಧ. ಈಚೆಗೆ ಕಾನೂನು ಬದಲಾದ ಮೇಲೆ ಸೇವಿಸುವುದೂ ಅಪರಾಧ. ಹಾಗಾಗಿ ಪ್ರತಿ ಪೆಟ್ಟಿಗೆಯ ಜೊತೆ ಪ್ರಯೋಗಾಲಯದ ವರದಿ ಬರಬೇಕು. ಆ ವರದಿ ಓದುವುದನ್ನು ನನಗೆ ಕಲಿಸಿದ್ದು ಟೋಕಿಯೊ ಪಕ್ಕದ ವಾಕೋ ಊರಿನ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುವ ಮೈಸೂರಿನ ಹೆಣ್ಣುಮಗಳು. ರಸಾಯನಶಾಸ್ತ್ರದವರು. ತಿಂಗಳಿಗೊಮ್ಮೆ ಎರಡು ರೈಲು ಬದಲಾಯಿಸಿ ಬನ್ಸಿ ರವೆಗೆ ಬರುತ್ತಾರೆ. ನಾನು ಮೇಡಂ ಅನ್ನುತ್ತೇನೆ, ಅವರು ನನ್ನನ್ನು ಅಣ್ಣಾ ಅನ್ನುತ್ತಾರೆ. ಹೇಳಿದಷ್ಟು ಕೊಟ್ಟು ಹೋಗುವ ಗಿರಾಕಿ, ಒಂದು ದಿನ ಚೌಕಾಸಿ ಮಾಡಿದವರಲ್ಲ. ಅದಕ್ಕೇ ಅವರಿಗೆ ಕೊಸರು ಸ್ವಲ್ಪ ಹೆಚ್ಚೇ ಹಾಕುತ್ತಿದ್ದೆ.

ಎಣ್ಣೆ ಕಳಿಸುತ್ತಿದ್ದವನು ಒಬ್ಬ ಅಮೆರಿಕದವನು. ಟೋಕಿಯೊದ ವ್ಯಾಪಾರ ಮೇಳವೊಂದರಲ್ಲಿ ಸಿಕ್ಕಿದ್ದ. ಮೊದಲು ಕಾರಿನ ಬಿಡಿಭಾಗ ಮಾರುತ್ತಿದ್ದನಂತೆ. ಮಾತಿನ ಮನುಷ್ಯ, ಬೆಲೆ ಇಳಿಸಿದರೆ ಬೇಸರ ಮಾಡಿಕೊಳ್ಳದವನು. ಮೊದಲ ಸಲ ನಾನು ಕೊಸರು ಕೇಳಿದಾಗ ಅವನಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದ ಮೇಲೆ ನಕ್ಕು, ತನ್ನ ಅಂಗಡಿಯ ಹೆಸರಿರುವ ಹಸಿರು ಟೋಪಿಯೊಂದನ್ನು ಪೆಟ್ಟಿಗೆಯಲ್ಲಿ ಹಾಕಿದ. ಅಲ್ಲಿಂದ ಪ್ರತಿ ಸಲವೂ ಟೋಪಿ. ನಾನೂ ನನ್ನ ಹೆಂಡತಿಯೂ ಅವನನ್ನು ಟೋಪಿಯಣ್ಣ ಅನ್ನುತ್ತಿದ್ದೆವು.

‘ನಿಮಗೆ ಸರಿಯಾಗೇ ಟೋಪಿ ಹಾಕ್ತಿದಾನೆ’ ಅಂತ ಅವಳು ಪ್ರತಿ ಪೆಟ್ಟಿಗೆ ಬಿಚ್ಚಿದಾಗಲೂ ಹೇಳುವಳು.

ಟೋಪಿಯಣ್ಣನ ಅಂಗಡಿಯನ್ನು ಅವನು ವಿಡಿಯೋ ಕಾಲಿನಲ್ಲಿ ತೋರಿಸಿದ್ದ. ಒಂದೇ ಕಟ್ಟಡ, ಎರಡು ಬಾಗಿಲು. ಎಡಬಾಗಿಲಿನಲ್ಲಿ ನನ್ನಂಥವರಿಗೆ ಕಳಿಸುವ ಎಣ್ಣೆ. ಬಲಬಾಗಿಲಿನಲ್ಲಿ ಗಾಂಜಾ, ಅಮಲಿನ ಸಮೇತ. ಸಣ್ಣ ಗಾಜಿನ ಡಬ್ಬಿ, ಚಾಕೊಲೇಟು, ಬಣ್ಣಬಣ್ಣದ ಜೆಲ್ಲಿ ಮಿಠಾಯಿ, ನಮ್ಮ ಬೇಕರಿಗಳ ಹಾಗೆ ಗಾಜಿನೊಳಗೆ ಜೋಡಿಸಿಟ್ಟಿದ್ದ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಪರವಾನಗಿ. ಅವನ ರಾಜ್ಯದಲ್ಲಿ ಅದು ಕಾನೂನಿನ ವ್ಯಾಪಾರ. ರಾಜ್ಯದ ಇನ್‌ಸ್ಪೆಕ್ಟರು ಬಂದು ನೋಡಿ ಸಹಿ ಹಾಕಿ ಹೋಗುತ್ತಾರೆ, ರಾಜ್ಯ ತೆರಿಗೆ ತೆಗೆದುಕೊಳ್ಳುತ್ತದೆ. ಆದರೆ ಅವರ ಕೇಂದ್ರ ಸರ್ಕಾರದ ಪುಸ್ತಕದಲ್ಲಿ ಅದೇ ಡಬ್ಬಿ ಇನ್ನೂ ಮಾದಕ ವಸ್ತು.

‘ಹಾಗಾದರೆ ನಿನ್ನ ಅಂಗಡಿ ಕಾನೂನಿನೊಳಗೋ, ಹೊರಗೋ?’ ಅಂತ ಕೇಳಿದೆ.

‘ಕೇಳುವವನು ಯಾವ ಕಾರಿನಲ್ಲಿ ಬಂದಿದ್ದಾನೆ ಅನ್ನೋದರ ಮೇಲೆ’ ಅಂದ.

ತಮಾಷೆಗೆ ಹೇಳಿದ್ದು, ನಾನೂ ನಕ್ಕೆ. ಆದರೆ ಅದೇ ದಿನ ಅವನು ಇನ್ನೊಂದು ಮಾತು ಹೇಳಿದ್ದ. ಬಲಬಾಗಿಲಿನ ಹಣವನ್ನು ದೊಡ್ಡ ಬ್ಯಾಂಕುಗಳು ಮುಟ್ಟುವುದಿಲ್ಲ, ಕೇಂದ್ರದ ಭಯ, ಎಲ್ಲ ನಗದೇ ಅಂತ. ನನಗೆ ಅಲ್ಲೇ ಗಂಟೆ ಹೊಡೆಯಬೇಕಿತ್ತು. ಬ್ಯಾಂಕು ಹತ್ತಿರ ಸೇರಿಸದ ವ್ಯಾಪಾರಿಯ ಜೊತೆ ವ್ಯವಹಾರ ಮಾಡಬೇಕಾದರೆ ಪೆಟ್ಟಿಗೆಯ ಒಳಗೆ ಏನೇನು ಹೋಗಬೇಕು ಅಂತ ಒಂದೊಂದನ್ನೂ ಬರೆದು ಕೊಡಿ, ಬರೆದದ್ದರ ಆಚೆ ಒಂದು ಪೆನ್ನೂ ಬೇಡ ಅನ್ನಿ. ಇದು ನಾನು ನಷ್ಟ ಮಾಡಿಕೊಂಡು ಕಲಿತದ್ದು, ನಿಮಗೆ ಪುಕ್ಕಟೆ.

ನಾನು ಮಾಡಿದ್ದು ಅದರ ಉಲ್ಟಾ. ಹನ್ನೆರಡನೆಯ ಆರ್ಡರು ಕಳಿಸುವಾಗ ಕೊನೆಗೆ ಹೀಗೆ ಬರೆದೆ: ‘ಟೋಪಿ ಸಾಕು ಮಾರಾಯ. ಈ ಸಲ ಏನಾದರೂ ಒಳ್ಳೆಯದು ಹಾಕು, ನಿಮ್ಮೂರಿನ ಜನ ಇಷ್ಟಪಡುವಂಥದ್ದು.’ ಪಕ್ಕದಲ್ಲಿ ನಗುವ ಮುಖ. ನನ್ನ ಮನಸ್ಸಿನಲ್ಲಿದ್ದದ್ದು ಸೋಪು, ಮುಲಾಮು, ಹೆಚ್ಚೆಂದರೆ ಒಂದು ಕಾಫಿ ಲೋಟ. ಅವನು ‘ಆಯಿತು ಗೆಳೆಯ, ನೋಡು ಏನು ಬರುತ್ತೆ’ ಅಂತ ಉತ್ತರ ಹಾಕಿದ.

ಹತ್ತು ದಿನದ ಮೇಲೆ, ಒಂದು ಶನಿವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಕೊತ್ತಂಬರಿ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಮೆಸೇಜು ಬಂತು. ಟೋಪಿಯಣ್ಣ ತನ್ನ ಹೆಂಡತಿಯ ಫೋನಿನಿಂದ ಬರೆದಿದ್ದ. ಬೆಳಿಗ್ಗೆ ಕೇಂದ್ರದವರು ಬಂದಿದ್ದರು, ಕಂಪ್ಯೂಟರು, ಅವನ ಫೋನು, ತಿಜೋರಿ, ಎರಡೂ ಕಡೆಯ ಸಾಮಾನು ಎಲ್ಲ ತೆಗೆದುಕೊಂಡು ಹೋದರು, ಬಾಗಿಲಿಗೆ ಬೀಗ ಹಾಕಿದರು. ರಾಜ್ಯದ ಹೊರಗೆ ಪಾರ್ಸೆಲ್ ಕಳಿಸಿದ ಮೇಲೆ ಅವರ ಕಣ್ಣು ಬಿದ್ದಿದೆ. ಪರವಾನಗಿಯ ಕಟ್ಟನ್ನು ಮಾತ್ರ ಗೋಡೆಯ ಮೇಲೇ ಬಿಟ್ಟರು. ಕೊನೆಯ ಸಾಲು ಹೀಗಿತ್ತು: ‘ನಿನ್ನ ಪೆಟ್ಟಿಗೆಯಲ್ಲಿ ಬಲಬಾಗಿಲಿನ ಜೆಲ್ಲಿ ಮಿಠಾಯಿ ಎರಡು ಪ್ಯಾಕೆಟ್ ಹಾಕಿದ್ದೇನೆ. ಒಳ್ಳೆಯದು ಕೇಳಿದ್ದೆಯಲ್ಲ. ಬಂದರೆ ತೆಗೆಯಬೇಡ. ಕ್ಷಮಿಸು.’

ಕೊತ್ತಂಬರಿ ಅಲ್ಲೇ ಬಿಟ್ಟು ಸ್ಟೂಲಿನ ಮೇಲೆ ಕುಳಿತೆ.

ಇದರ ತೂಕ ಎಷ್ಟೆಂದು ಹೇಳಿಬಿಡುತ್ತೇನೆ. ಈ ದೇಶದಲ್ಲಿ ಮಾದಕ ವಸ್ತುವಿನ ಕೇಸಿನಲ್ಲಿ ಶಿಕ್ಷೆಯಾದ ವಿದೇಶಿಯರು ಗಂಟುಮೂಟೆ ಕಟ್ಟಬೇಕು. ಶಿಕ್ಷೆಯನ್ನು ಅಮಾನತಿನಲ್ಲಿಟ್ಟರೂ ಅಷ್ಟೆ. ನನ್ನ ಮೂರು ವರ್ಷದ ವೀಸಾ ಮುಗಿಯಲು ಬಂದಿತ್ತು, ನವೀಕರಣಕ್ಕೆ ಅರ್ಜಿ ಹಾಕಿ ಎರಡು ವಾರವಾಗಿತ್ತು. ನನ್ನದು ಹೋದರೆ ಹೆಂಡತಿಯದೂ ಮಗಳದೂ ಜೊತೆಗೇ ಹೋಗುತ್ತದೆ. ಮಗಳು ಇಲ್ಲೇ ಹುಟ್ಟಿದವಳು, ಇಲ್ಲಿನ ಶಾಲೆಯಲ್ಲಿ ನಾಲ್ಕನೆಯ ಕ್ಲಾಸು. ನಾನು ಕನ್ನಡದಲ್ಲಿ ಬೈದರೆ ಜಪಾನಿ ಭಾಷೆಯಲ್ಲಿ ಉತ್ತರ ಕೊಡುವವಳು. ಎರಡು ಪ್ಯಾಕೆಟ್ ಜೆಲ್ಲಿಗೆ ಮೂರು ಜನರ ಬದುಕು.

ಹೆಂಡತಿ ಹಿಂದಿನ ಕೋಣೆಯಿಂದ ಬಂದು ಮೆಸೇಜು ಓದಿದಳು. ಎರಡು ಸಲ ಓದಿದಳು.

‘ನೀವೇ ಕೇಳಿದ್ರಾ ಇದನ್ನ?’

‘ನಾನು ಸೋಪು ಅಂದ್ಕೊಂಡಿದ್ದೆ ಕಣೇ.’

‘ಸೋಪು ಅಂತ ಬರೆದಿದೀರಾ?’

ಬರೆದಿರಲಿಲ್ಲ. ನಾನು ಬರೆದದ್ದನ್ನು ತೋರಿಸಿದೆ. ಅವಳು ನಗುವ ಮುಖದ ಮೇಲೆ ಬೆರಳಿಟ್ಟು, ‘ಇದೊಂದು ಕಡಿಮೆ ಇತ್ತು’ ಅಂದಳು.

ನನ್ನ ತಲೆ ಓಡಿದ್ದು ವ್ಯಾಪಾರಿಯ ತಲೆ ಓಡುವ ಹಾಗೆಯೇ. ಪೆಟ್ಟಿಗೆ ಇನ್ನೂ ನನ್ನ ಕೈಗೆ ಬಂದಿಲ್ಲ. ಬಂದರೆ ಬೇಡ ಅಂತ ವಾಪಸು ಕಳಿಸಬಹುದು. ನಾನು ಬರೆದ ಆ ಮೆಸೇಜನ್ನು ಅಳಿಸಿದರೆ ಕೇಳಿದ್ದೇ ಇಲ್ಲ, ಅವನೇ ಹಾಕಿದ್ದು. ಬೆರಳು ಆ ಸಾಲಿನ ಮೇಲೆ ಒತ್ತಿಯೂ ಆಗಿತ್ತು, ಅಳಿಸಲೇ ಅಂತ ಫೋನು ಕೇಳುತ್ತಿತ್ತು.

‘ರೀ, ಒಂದ್ನಿಮಿಷ’ ಅಂದಳು ಹೆಂಡತಿ. ‘ಅವನ ಫೋನು, ಕಂಪ್ಯೂಟರ್ ಎಲ್ಲ ಯಾರ ಹತ್ರ ಇದೆ ಈಗ?’

‘ಅವರ ಕೇಂದ್ರದವರ ಹತ್ರ.’

‘ಅದ್ರಲ್ಲಿ ನೀವು ಬರೆದಿದ್ದು ಇಲ್ವಾ?’

ಬೆರಳು ತೆಗೆದೆ. ಜೋಡಿ ಕಾಗದದ ಇನ್ನೊಂದು ಪ್ರತಿ ಬೇರೆಯವರ ಕೈಯಲ್ಲಿರುವಾಗ ನಿಮ್ಮ ಪ್ರತಿಯನ್ನು ತಿದ್ದಬೇಡಿ. ಇದು ನೀತಿಪಾಠ ಅಲ್ಲ, ಲೆಕ್ಕಾಚಾರ. ಆ ಸಾಲು ಅಲ್ಲಿದ್ದು ಇಲ್ಲಿ ಇಲ್ಲದಿದ್ದರೆ, ಕಳ್ಳ ಅನ್ನುವುದಕ್ಕೆ ಬೇರೇನೂ ಬೇಕಾಗುವುದಿಲ್ಲ. ಆಮೇಲೆ ಯೋಚಿಸಿದರೆ ಪೆಟ್ಟಿಗೆ ವಾಪಸು ಕಳಿಸುವುದೂ ಅಷ್ಟೇ. ಯಾರಿಗೆ ಕಳಿಸುವುದು? ಬೀಗ ಹಾಕಿದ ಅಂಗಡಿಗೆ, ಬೀಗ ಹಾಕಿದವರ ಕೈಗೆ.

ಅಂದು ಮಧ್ಯಾಹ್ನವೇ ವಾಕೋದ ಮೇಡಂ ರವೆಗೆ ಬಂದರು. ನನ್ನ ಮುಖ ನೋಡಿಯೇ ‘ಏನಾಯ್ತಣ್ಣಾ?’ ಅಂದರು. ಗಿರಾಕಿ ಇಲ್ಲದ ಹೊತ್ತು ನೋಡಿ ಎಲ್ಲ ಹೇಳಿದೆ. ಹೇಳಿ, ಕೊನೆಗೆ ಕೇಳಿಯೂ ಬಿಟ್ಟೆ: ‘ಮೇಡಂ, ನಿಮ್ಮ ಲ್ಯಾಬಲ್ಲಿ ಒಂದ್ಸಲ ಟೆಸ್ಟ್ ಮಾಡಿ ನೋಡೋಕಾಗುತ್ತಾ? ಬಹುಶಃ ಅದ್ರಲ್ಲಿ ಏನೂ ಇರಲ್ಲ.’

‘ಅಣ್ಣಾ, ಅದನ್ನ ನಾನು ಬ್ಯಾಗಲ್ಲಿ ಹಾಕ್ಕೊಂಡು ಸ್ಟೇಷನ್ ದಾಟಿದ್ರೆ ನನ್ನ ಪೋಸ್ಟ್‌ಡಾಕ್ ಅಲ್ಲಿಗೆ ಮುಗೀತು. ಆಮೇಲೆ ಇಬ್ರೂ ಒಟ್ಟಿಗೆ ಕೂತು ಮುದ್ದೆ ಉಣ್ಬೇಕು, ಒಳಗಡೆ.’

‘ಅಲ್ಲಿ ಮುದ್ದೆ ಕೊಡಲ್ಲ ಮೇಡಂ.’

‘ಅದಕ್ಕೇ ಹೇಳ್ತಿರೋದು. ಸೋಮವಾರ ಕಸ್ಟಮ್ಸ್‌ಗೆ ನೀವೇ ಹೋಗಿ ಹೇಳಿ. ಬಾಕ್ಸು ಅವ್ರ ಹತ್ರ ಇರೋವಾಗ್ಲೇ. ನಿಮ್ಮ ಕೈಗೆ ಬಂದ್ಮೇಲೆ ಹೇಳಿದ್ರೆ ಅದು ಬೇರೆ ಕಥೆ ಆಗತ್ತೆ.’

ಅವತ್ತೂ ಅವರು ರವೆಗೆ ಪೂರ್ತಿ ದುಡ್ಡು ಕೊಟ್ಟೇ ಹೋದರು. ನಾನು ಕೊಸರು ಹಾಕುವುದನ್ನು ಮರೆತೆ.

ನಮ್ಮ ವೀಸಾ ಕಾಗದಗಳನ್ನು ನೋಡಿಕೊಳ್ಳುವ ಜಪಾನಿ ಮಹಿಳೆಯೊಬ್ಬರಿದ್ದಾರೆ, ಅರವತ್ತು ದಾಟಿದವರು. ಇಲ್ಲಿ ಅಂಥವರನ್ನು ಹೆಸರು ಹಿಡಿಯದೆ ಸೆನ್ಸೇ ಅನ್ನುತ್ತಾರೆ, ನಮ್ಮಲ್ಲಿ ಮೇಷ್ಟ್ರೇ ಅಂದ ಹಾಗೆ. ಅವರಿಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡು, ‘ಸೋಮವಾರ ಒಂಬತ್ತಕ್ಕೆ. ನಾನೂ ಬರುತ್ತೇನೆ, ಆದರೆ ಮಾತಾಡುವವರು ನೀವೇ. ಎಲ್ಲ ಮೆಸೇಜನ್ನೂ ಮುದ್ರಿಸಿಕೊಂಡು ಬನ್ನಿ. ಇನ್ನೇನು ಕೊಸರು ಬಂದಿದೆಯೋ ಅದನ್ನೂ ತನ್ನಿ’ ಅಂದರು.

‘ಟೋಪಿಗಳನ್ನಾ?’

‘ಅವನ್ನೇ.’

ಭಾನುವಾರ ಸಂಜೆ ಹನ್ನೊಂದು ಟೋಪಿಗಳನ್ನು ಒಂದು ಕಾಗದದ ಚೀಲಕ್ಕೆ ಹಾಕುತ್ತಿದ್ದಾಗ ಮಗಳು ಬಂದು, ಬೇಸ್‌ಬಾಲ್ ಟೀಮು ಕಟ್ಟುತ್ತಿದ್ದೀರಾ ಅಂತ ಜಪಾನಿಯಲ್ಲಿ ಕೇಳಿದಳು. ಹೆಂಡತಿ ‘ಹೂಂ, ನಿಮ್ಮಪ್ಪನೇ ಕ್ಯಾಪ್ಟನ್ನು’ ಅಂದಳು. ಮಗಳಿಗೆ ವಿಷಯ ಹೇಳಿರಲಿಲ್ಲ. ಅವಳು ಒಂದು ಟೋಪಿ ಹಾಕಿಕೊಂಡು ಹೋಮ್‌ವರ್ಕಿಗೆ ಕುಳಿತಳು. ಮಲಗುವ ಮೊದಲು ಅದನ್ನು ಅವಳ ತಲೆಯಿಂದ ತೆಗೆದು ಚೀಲಕ್ಕೆ ಹಾಕಿದೆ. ಲೆಕ್ಕ ಸರಿಯಿರಬೇಕಲ್ಲ.

ಕಸ್ಟಮ್ಸ್ ಕಚೇರಿಯಲ್ಲಿ ಇಬ್ಬರಿದ್ದರು. ಒಬ್ಬರು ನನ್ನ ವಯಸ್ಸಿನವರು, ತಲೆಗೂದಲು ಒಪ್ಪವಾಗಿ ಬಾಚಿಕೊಂಡವರು. ಇನ್ನೊಬ್ಬಳು ಎಳೆಯ ಹೆಣ್ಣುಮಗಳು, ಬರೆದುಕೊಳ್ಳುವವಳು. ನಾನು ಎದ್ದು ನಿಂತು, ‘ಸುಮಿಮಾಸೆನ್’ ಅಂತ ಕ್ಷಮೆ ಕೇಳುತ್ತಲೇ ಶುರು ಮಾಡಿ, ನನ್ನ ಹೆಸರಿಗೆ ಬರುತ್ತಿರುವ ಪೆಟ್ಟಿಗೆಯಲ್ಲಿ ಇರಬಾರದ ವಸ್ತುವೊಂದಿದೆ ಅಂತ ಹೇಳಿದೆ. ಪೆಟ್ಟಿಗೆಯ ನಂಬರು ಕೊಟ್ಟೆ. ಅವರು ಹೋಗಿ ಹುಡುಕಿದರು. ಅದು ಬಂದು ಮೂರು ದಿನವಾಗಿತ್ತು, ಸಾಲಿನಲ್ಲಿ ಕುಳಿತಿತ್ತು. ಇನ್ನೊಂದೆರಡು ದಿನದಲ್ಲಿ ಅವರೇ ತೆರೆಯುತ್ತಿದ್ದರೋ, ಹಾಗೇ ನನ್ನ ಅಂಗಡಿಗೆ ಬರುತ್ತಿತ್ತೋ, ಯಾರಿಗೂ ಗೊತ್ತಿಲ್ಲ.

ಬಿಳಿ ಕೈಗವಸು ಹಾಕಿಕೊಂಡು ನನ್ನ ಎದುರಿಗೇ ತೆರೆದರು. ಎಣ್ಣೆಯ ಸೀಸೆಗಳು, ವರದಿ, ಅದರ ಕೆಳಗೆ ಬಣ್ಣದ ಕಾಗದದಲ್ಲಿ ಸುತ್ತಿದ ಎರಡು ಪ್ಯಾಕೆಟ್. ಮೇಲೊಂದು ಹಸಿರು ಚೀಟಿ: ಟೋಪಿ ಅಲ್ಲ, ನೋಡು. ಪ್ಯಾಕೆಟ್ಟಿನ ಮೇಲೆ ಅವನ ರಾಜ್ಯದ ಸರ್ಕಾರಿ ಮುದ್ರೆ ಇತ್ತು. ಅಲ್ಲಿ ಅದು ಪರೀಕ್ಷೆ ಪಾಸಾದ ಸಾಮಾನು ಅನ್ನುವುದಕ್ಕೆ ಗುರುತು. ಇಲ್ಲಿ ಅದೇ ಮುದ್ರೆ ಒಳಗೇನಿದೆ ಅನ್ನುವುದಕ್ಕೆ ಸಾಕ್ಷಿಯಾಯಿತು.

ಇಲ್ಲಿ ಒಂದು ಪದ್ಧತಿ ಇದೆ. ವಸ್ತುವನ್ನು ಮೇಜಿನ ಮೇಲಿಟ್ಟು, ಸಂಬಂಧಪಟ್ಟವನು ಅದರತ್ತ ಬೆರಳು ತೋರಿಸಿ ನಿಲ್ಲಬೇಕು, ಅವರು ಫೋಟೋ ತೆಗೆಯುತ್ತಾರೆ. ಪ್ಯಾಕೆಟ್ಟಿಗೆ ಬೆರಳು ತೋರಿಸಿದೆ. ಸೀಸೆಗಳಿಗೆ ತೋರಿಸಿದೆ. ಚೀಟಿಗೆ ತೋರಿಸಿದೆ. ಆಮೇಲೆ ಸೆನ್ಸೇ ನನ್ನ ಚೀಲದ ಕಡೆ ನೋಡಿದರು. ಹನ್ನೊಂದು ಟೋಪಿಗಳನ್ನು ಸಾಲಾಗಿ ಇಟ್ಟೆ. ಅಧಿಕಾರಿ ಕ್ಯಾಮೆರಾ ಎತ್ತಿದರು. ಒಂದೊಂದು ಟೋಪಿಗೂ ಒಂದೊಂದು ಫೋಟೋ, ಬೆರಳು ತೋರಿಸಿಕೊಂಡು ನಾನು. ಏಳನೆಯದರ ಹೊತ್ತಿಗೆ ಕೈ ನೋಯತೊಡಗಿತ್ತು.

ಮೆಸೇಜುಗಳನ್ನು ಕಂಪ್ಯೂಟರಿನಲ್ಲಿ ಜಪಾನಿಗೆ ತಿರುಗಿಸಿ ಓದಿದರು. ನಂತರ ಕೇಳಿದರು: ‘ಪ್ರತಿ ಆರ್ಡರಿನ ಕೊನೆಗೂ ಸ್ವಲ್ಪ ಜಾಸ್ತಿ ಹಾಕು ಅಂತಿದೆ. ಏನನ್ನು ಜಾಸ್ತಿ?’

ಸೆನ್ಸೇ ಹೇಳಿಕೊಟ್ಟ ಪದ ಸಿದ್ಧವಾಗಿತ್ತು. ‘ಒಮಾಕೆ’ ಅಂದೆ. ಅಂಗಡಿಯವರು ಖುಷಿಗೆ ಸೇರಿಸಿ ಕೊಡುವುದಕ್ಕೆ ಇಲ್ಲಿ ಹಾಗನ್ನುತ್ತಾರೆ.

‘ಒಮಾಕೆ ಅಂಗಡಿಯವನು ತಾನಾಗಿ ಕೊಡುವುದು’ ಅಂದರು ಅಧಿಕಾರಿ. ‘ನೀವು ಕೇಳಿದ್ದೀರಿ.’

‘ನಮ್ಮಲ್ಲಿ ಕೇಳಲೇಬೇಕು. ಕೇಳದಿದ್ದರೆ ಕೊಡುವವರಿಗೇ ಬೇಜಾರು.’

‘ಏನು ಬೇಕು ಅಂತ ಹೇಳದೆಯೇ ಕೇಳುತ್ತೀರಾ?’

‘ಹೇಳಿ ತೆಗೆದುಕೊಂಡರೆ ಅದು ಸಾಮಾನು. ಹೇಳದೆ ಬಂದರೆ ಕೊಸರು.’

ಎಳೆಯ ಹೆಣ್ಣುಮಗಳು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಅಧಿಕಾರಿ ‘ಒಳ್ಳೆಯದು, ನಿಮ್ಮೂರಿನ ಜನ ಇಷ್ಟಪಡುವಂಥದ್ದು’ ಅನ್ನುವ ಸಾಲನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿದರು. ಜಪಾನಿಯಲ್ಲಿ ಅದು ನಾನು ಬರೆದ ಇಂಗ್ಲಿಷಿಗಿಂತ ಕೆಟ್ಟದಾಗಿ ಕೇಳಿಸಿತು. ಗಾಂಜಾ ಮಾರುವವನಿಗೆ ಬರೆದ ಸಾಲು ಅದು. ಅವರ ಜಾಗದಲ್ಲಿ ನಾನಿದ್ದರೂ ನನ್ನನ್ನು ನಂಬುತ್ತಿರಲಿಲ್ಲ.

ಐದು ಗಂಟೆ ಕೂರಿಸಿದರು. ಫೋನು ಇಟ್ಟುಕೊಂಡರು, ಒಂದು ಟೋಪಿ ಇಟ್ಟುಕೊಂಡರು, ಊರು ಬಿಟ್ಟು ಹೋಗಬಾರದು ಅಂದರು. ಪೆಟ್ಟಿಗೆಯ ಮೇಲೆ ನನಗೆ ಯಾವ ಹಕ್ಕೂ ಬೇಡ ಅನ್ನುವ ಕಾಗದಕ್ಕೆ ಸಹಿ ಹಾಕಿದೆ. ಜೆಲ್ಲಿಯ ಜೊತೆ ಸರಿಯಾಗಿದ್ದ ಎಣ್ಣೆಯೂ ಹೋಯಿತು. ಅದನ್ನಾದರೂ ಬಿಡಿಸಿಕೊಳ್ಳಲೇ ಅಂತ ಬಾಯಿಗೆ ಬಂದಿತ್ತು. ಸೆನ್ಸೇ ನನ್ನ ಮುಖ ನೋಡಿಯೇ ತಿಳಿದುಕೊಂಡು, ಮೇಜಿನ ಕೆಳಗೆ ನನ್ನ ಬೂಟಿಗೆ ತಮ್ಮ ಬೂಟು ತಾಗಿಸಿದರು.

ಗುರುವಾರ ಆ ಇಬ್ಬರೂ ಅಂಗಡಿಗೇ ಬಂದರು, ಸಾಮಾನು ನೋಡಲು. ಕಪಾಟು, ಫ್ರಿಜ್ಜು, ಹಿಂದಿನ ಕೋಣೆ ಎಲ್ಲ ನೋಡಿದರು. ಜೀರಿಗೆ ಮೂಸಿದರು, ಮೆಂತ್ಯ ಮೂಸಿದರು. ಒಣ ಕಸೂರಿ ಮೇಥಿಯ ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತರು. ಬಣ್ಣ ಹಾಗಿರುತ್ತದೆ, ತಪ್ಪಲ್ಲ. ಹೆಂಡತಿ ಒಂದು ಪ್ಯಾಕೆಟ್ ಒಡೆದು, ಇದನ್ನು ಪಲ್ಯಕ್ಕೆ ಹೀಗೆ ಪುಡಿ ಮಾಡಿ ಹಾಕುವುದು ಅಂತ ತೋರಿಸಿದಳು.

ಅಷ್ಟರಲ್ಲಿ ನಮ್ಮ ಖಾಯಂ ಗಿರಾಕಿ ಆಂಟಿಯೊಬ್ಬರು ಬಂದರು. ಮಗನ ಮನೆಯಲ್ಲಿ ಇರಲು ಬಸವನಗುಡಿಯಿಂದ ಬಂದವರು. ಅವರಿಗೆ ಸಮವಸ್ತ್ರ ಹಾಕದ ಅಧಿಕಾರಿಗಳು ಯಾರೆಂದು ಹೇಗೆ ತಿಳಿಯಬೇಕು. ಎರಡು ಕಟ್ಟು ದಂಟಿನ ಸೊಪ್ಪು, ಅರ್ಧ ಕೇಜಿ ಬೆಂಡೆಕಾಯಿ ತೆಗೆದುಕೊಂಡರು. ನಾನು ಅಧಿಕಾರಿಗಳ ಕಡೆ ಒಂದು ಕಣ್ಣಿಟ್ಟುಕೊಂಡೇ ಚೀಲ ಕಟ್ಟಿ ಕೊಟ್ಟೆ.

‘ಏನಪ್ಪಾ, ಕರಿಬೇವು?’ ಅಂದರು ಆಂಟಿ.

‘ಅಮ್ಮಾ, ಇವತ್ತು ಬೇಡ.’

‘ಯಾಕೆ ಬೇಡ? ದಿನಾ ಹಾಕ್ತೀಯ. ಇವತ್ತು ಜಪಾನಿಯವ್ರು ನಿಂತಿದಾರೆ ಅಂತ ದೊಡ್ಡ ಮನುಷ್ಯ ಆಗ್ಬಿಟ್ಯಾ?’

‘ಹಾಗಲ್ಲಮ್ಮಾ.’

‘ಬೆಂಡೆಕಾಯಿಗೆ ಚಿನ್ನದ ರೇಟು ಹಾಕಿದೀಯ. ಒಂದು ಹಿಡಿ ಕೊಸರು ಹಾಕೋಕೆ ಕೈ ಬರಲ್ಲ ಅಂದ್ರೆ ನಾಳೆಯಿಂದ ನಿಶಿ ಕಸಾಯಿ ಕಡೆ ನಮ್ಮೋರ ಅಂಗಡಿಗೆ ಹೋಗ್ತೀನಿ ಬಿಡು.’ ಅಂದವರೇ ಕರಿಬೇವಿನ ಬುಟ್ಟಿಗೆ ತಾವೇ ಕೈಹಾಕಿ, ಒಂದು ಹಿಡಿ ಚೀಲಕ್ಕೆ ತುಂಬಿಕೊಂಡು, ಸಾಲದೆಂದು ಒಂದು ನಿಂಬೆಹಣ್ಣನ್ನೂ ಹಾಕಿಕೊಂಡು, ಅಧಿಕಾರಿಗೆ ‘ಅರಿಗಾತೋ’ ಅಂತ ಥ್ಯಾಂಕ್ಸ್ ಹೇಳಿ ಹೋದರು.

ಅಧಿಕಾರಿ ಬಾಗಿಲನ್ನೇ ನೋಡುತ್ತಿದ್ದರು. ‘ಆ ಮಹಿಳೆ ಅದಕ್ಕೆ ದುಡ್ಡು ಕೊಡಲಿಲ್ಲ’ ಅಂದರು.

‘ಇಲ್ಲ.’

‘ಕೋಪದಲ್ಲಿದ್ದರು.’

‘ನಾನು ಕೊಡದೇ ಇದ್ದದ್ದಕ್ಕೆ.’

‘ಆ ಹಣ್ಣನ್ನೂ ಹೆಸರು ಹೇಳಿ ಕೇಳಲಿಲ್ಲ.’

‘ಇಲ್ಲ. ಕೈಗೆ ಸಿಕ್ಕಿತು, ಹಾಕಿಕೊಂಡರು.’

ಎಳೆಯ ಹೆಣ್ಣುಮಗಳು ಅದನ್ನು ಬರೆದುಕೊಂಡಳು. ಎಷ್ಟು ಬರೆದುಕೊಂಡಳೋ, ಅರ್ಧ ಪುಟವಂತೂ ಆಗಿತ್ತು. ಹೋಗುವಾಗ ಇಬ್ಬರಿಗೂ ಒಂದೊಂದು ಮಾವಿನ ರಸದ ಡಬ್ಬಿ ಕೊಡಹೋದೆ. ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದು ಬಾಗಿ ನಮಸ್ಕರಿಸಿದರು. ಹೆಂಡತಿ ನನ್ನ ಅಂಗಿ ಹಿಡಿದೆಳೆದಳು. ತನಿಖೆಗೆ ಬಂದವರಿಗೆ ಏನನ್ನೂ ಕೊಡಬೇಡಿ, ನೀರು ಕೂಡ ಅವರು ಕೇಳಿದರೆ ಮಾತ್ರ.

ಆಮೇಲೆ ಏಳು ವಾರ ಏನೂ ಇಲ್ಲ. ಈ ದೇಶದಲ್ಲಿ ಒಳ್ಳೆಯ ಸುದ್ದಿಯೂ ಕೆಟ್ಟ ಸುದ್ದಿಯೂ ಒಂದೇ ಅಳತೆಯ ಅಂಚೆಕಾರ್ಡಿನಲ್ಲಿ ಬರುತ್ತವೆ, ಹಾಗಾಗಿ ಅಂಚೆಯವನ ಕೆಂಪು ಬೈಕಿನ ಸದ್ದಾದರೆ ಸಾಕು, ನಾನೂ ಹೆಂಡತಿಯೂ ತೂಕ ಮಾಡುತ್ತಿದ್ದ ಕೈ ನಿಲ್ಲಿಸುತ್ತಿದ್ದೆವು. ಮಗಳ ಶಾಲೆಯಿಂದ ಮುಂದಿನ ವರ್ಷದ ಪ್ರವಾಸಕ್ಕೆ ಒಪ್ಪಿಗೆ ಪತ್ರ ಬಂದಿತ್ತು. ಹೆಂಡತಿ ಅದಕ್ಕೆ ಸಹಿ ಹಾಕದೆ ಫ್ರಿಜ್ಜಿನ ಮೇಲೆ ಅಂಟಿಸಿಟ್ಟಿದ್ದಳು. ಎಣ್ಣೆ ಇಡುತ್ತಿದ್ದ ಕಪಾಟಿಗೆ ನಾನು ಹಪ್ಪಳ ಜೋಡಿಸಿದೆ.

ಆ ನಡುವೆ ಟೋಪಿಯಣ್ಣ ಒಂದು ಸಲ ಅಂಗಡಿಯ ನಂಬರಿಗೆ ಫೋನು ಮಾಡಿದ್ದ. ಬೈಯಬೇಕೆಂದು ಎತ್ತಿಕೊಂಡೆ. ಅವನ ದನಿ ಕೇಳಿದ ಮೇಲೆ ಆಗಲಿಲ್ಲ. ನನ್ನೊಬ್ಬನಿಗಲ್ಲವಂತೆ, ಬೇರೆ ರಾಜ್ಯದ ನಾಲ್ಕಾರು ಗಿರಾಕಿಗಳಿಗೂ ಹೀಗೇ ಬಲಬಾಗಿಲಿನದನ್ನು ಎಡಬಾಗಿಲಿನ ಪೆಟ್ಟಿಗೆಯಲ್ಲಿ ಹಾಕಿದ್ದನಂತೆ.

‘ನನ್ನಿಂದ ಕಲಿತೆಯಾ ಅದನ್ನು?’ ಅಂತ ಕೇಳಿದೆ.

‘ಗಿರಾಕಿಗಳಿಗೆ ಖುಷಿಯಾಗುತ್ತಿತ್ತು’ ಅಂದ.

ಅವನು ಮುಂದುವರಿದ: ‘ಒಂದು ಸಲಹೆ ಕೊಡು ಗೆಳೆಯ. ರಾಜ್ಯದಿಂದ ಪತ್ರ ಬಂದಿದೆ. ಪರವಾನಗಿ ನವೀಕರಿಸಿಕೊಳ್ಳಿ, ಶುಲ್ಕ ಕಟ್ಟಿ ಅಂತ. ಕೇಂದ್ರದವರ ಬೀಗ ಬಾಗಿಲ ಮೇಲೇ ಇದೆ. ಕಟ್ಟಲೋ ಬೇಡವೋ?’

ನನಗೆ ಸಲಹೆ ಅಂದರೆ ನಾಲಿಗೆ ತಾನಾಗಿಯೇ ಏಳುತ್ತದೆ. ಆದರೆ ಇದಕ್ಕೆ ಸಿಗಲಿಲ್ಲ. ಕಟ್ಟಿದರೆ ತೆರೆಯಲಾಗದ ಅಂಗಡಿಗೆ ಶುಲ್ಕ. ಕಟ್ಟದಿದ್ದರೆ ಅವನನ್ನು ವ್ಯಾಪಾರಿ ಅಂತ ಒಪ್ಪಿಕೊಂಡಿದ್ದ ಒಂದೇ ಒಂದು ಕಚೇರಿಯೂ ಕೈಬಿಟ್ಟ ಹಾಗೆ. ಕೊನೆಗೆ, ‘ವಕೀಲರನ್ನು ಕೇಳು, ನನ್ನನ್ನು ಕೇಳಬೇಡ’ ಅಂದೆ. ಬಹುಶಃ ಜೀವನದಲ್ಲಿ ಮೊದಲ ಸಲ ಹಾಗಂದದ್ದು. ಅವನು ಕಟ್ಟಿದನೋ ಇಲ್ಲವೋ ನನಗೆ ತಿಳಿಯಲಿಲ್ಲ. ಆಮೇಲೆ ಆ ನಂಬರಿನಿಂದ ಫೋನು ಬರಲಿಲ್ಲ.

ಮೊದಲು ಬಂದದ್ದು ಕಸ್ಟಮ್ಸ್‌ನವರ ಕರೆ. ಹೋದೆ. ಅದೇ ಅಧಿಕಾರಿ, ಅದೇ ಮೇಜು. ನಾನಾಗಿ ಬಂದು ಹೇಳಿದ್ದು, ಪೆಟ್ಟಿಗೆ ಮುಟ್ಟದೇ ಇದ್ದದ್ದು, ಮೆಸೇಜು ಅಳಿಸದೇ ಇದ್ದದ್ದು, ಹಿಂದಿನ ಹನ್ನೊಂದೂ ಟೋಪಿಗಳೇ ಆಗಿದ್ದದ್ದು, ಇವನ್ನೆಲ್ಲ ನೋಡಿ ನನ್ನ ಮೇಲೆ ಕೇಸು ನಡೆಸುವುದಿಲ್ಲ ಅಂದರು. ಆದರೆ ಕಡತ ಇರುತ್ತದೆ, ವೀಸಾ ಕಚೇರಿ ಕೇಳಿದರೆ ಕೊಡಬೇಕಾಗುತ್ತದೆ. ಫೋನು ವಾಪಸು ಕೊಟ್ಟರು. ಟೋಪಿ ಮಾತ್ರ ಕಡತದ ಜೊತೆಗೇ ಇರುತ್ತದೆ ಅಂದರು. ಏಳುವಾಗ ಅಧಿಕಾರಿ, ಕೇಳಲೋ ಬೇಡವೋ ಅನ್ನುವ ಹಾಗೆ, ‘ಆ ಮಹಿಳೆ ನಿಶಿ ಕಸಾಯಿಗೆ ಹೋದರಾ?’ ಅಂದರು. ಇಲ್ಲ, ಮರುದಿನವೇ ಬಂದರು ಅಂದೆ. ಅವರು ತಲೆಯಾಡಿಸಿದರು.

ವೀಸಾ ಕಚೇರಿಗೆ ಸೆನ್ಸೇ ಮೂರು ಪುಟದ ವಿವರಣೆ ಬರೆದು ಕೊಟ್ಟರು. ನಡೆದದ್ದನ್ನು ನಡೆದ ಹಾಗೆ, ನಗುವ ಮುಖವನ್ನೂ ಸೇರಿಸಿ. ಮತ್ತೆ ಮೂರು ವಾರ. ವೀಸಾ ಕಚೇರಿಗೆ ಬನ್ನಿ ಅನ್ನುವ ಅಂಚೆಕಾರ್ಡು ಬಂತು. ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ, ಮಗಳನ್ನು ಶಾಲೆಗೆ ಬಿಟ್ಟು, ನಾವಿಬ್ಬರೂ ಹೋದೆವು. ಐದು ವರ್ಷದ್ದು ಸಿಗಬಹುದು ಅಂತ ಲೆಕ್ಕ ಹಾಕಿದ್ದ ಕಾಲವೊಂದಿತ್ತು. ಅದು ಸಿಕ್ಕಿದ್ದರೆ ಮುಂದೆ ಖಾಯಂ ವಾಸಕ್ಕೆ ಅರ್ಜಿ ಹಾಕುವವರಿದ್ದೆವು.

ಕೌಂಟರಿನ ಗಾಜಿನ ಕೆಳಗಿನಿಂದ ನಮ್ಮ ಮೂವರ ವೀಸಾ ಕಾರ್ಡುಗಳನ್ನು ತಳ್ಳಿದರು. ಮೂರರಲ್ಲೂ ಒಂದು ವರ್ಷ ಅಂತಿತ್ತು.

ನಾನು ಕಾರ್ಡುಗಳನ್ನು ತೆಗೆದುಕೊಂಡೆ. ಗಾಜಿನಾಚೆಯ ಯುವಕ ಮುಂದಿನ ನಂಬರು ಒತ್ತಲು ಕೈ ಚಾಚಿದ್ದ. ಅವನು ಒತ್ತುವ ಮೊದಲಿನ ಆ ಸಣ್ಣ ತಡೆ ಇದೆಯಲ್ಲ, ತೂಕ ಮುಗಿದು ಚೀಲದ ಬಾಯಿ ಇನ್ನೂ ಕಟ್ಟಿಲ್ಲದ ಹೊತ್ತು, ಅದು ನನಗೆ ಚೆನ್ನಾಗಿ ಗೊತ್ತಿರುವ ಹೊತ್ತು. ಬಾಯಿ ತೆರೆದೇ ಇತ್ತು.

ಹೆಂಡತಿ ನನ್ನ ಮೊಣಕೈ ಹಿಡಿದಳು. ‘ಬನ್ನಿ. ಮಗೂನ ಪ್ರವಾಸದ ಕಾಗದಕ್ಕೆ ಸಹಿ ಹಾಕ್ಬೇಕು.’

ಆ ಯುವಕನಿಗೆ ತಲೆಬಾಗಿ ಅರಿಗಾತೋ ಅಂದೆ, ಅಷ್ಟೇ ಅಂದೆ. ಅವನು ಮುಂದಿನ ನಂಬರು ಒತ್ತಿದ.